ತಾಯಿಯ ರಕ್ಷೆ ಮುಗಿಯುವ ಮೊದಲು

ಮೊಮ್ಮಗನಿಗೆ ಇಪ್ಪತ್ತು ದಿನವಾಗಿತ್ತು. ನನ್ನ ಹಟಕ್ಕೆ ಮಾಡಿಸಿದ ರಕ್ತಪರೀಕ್ಷೆಯ ಕಾಗದ ಹಿಡಿದು ಅಳಿಯ ಒಳಗೆ ಬಂದ.

"ಅತ್ತೆ, ರೋಗ ತಡೆಯೋ ಪ್ರತಿಕಾಯಗಳೆಲ್ಲ ಸರಿಯಾಗಿವೆ. ಇನ್ನು ದೇವರಿಗೆ ಸ್ವಲ್ಪ ಬಿಡುವು ಕೊಡಿ."

ನಾನು ಕೈಮುಗಿದೆ. ನನ್ನ ಮಗ ಐದು ತುಂಬುವ ಮೊದಲೇ ತೀರಿಕೊಂಡಿದ್ದ. ಸದಾ ಕಿವಿ ಸೋರುತ್ತಿತ್ತು, ಎದೆ ಕಟ್ಟುತ್ತಿತ್ತು. ಕಾರಣ ಯಾರಿಗೂ ತಿಳಿಯಲಿಲ್ಲ. ತಣ್ಣೀರಿನಲ್ಲಿ ಆಡಲು ಬಿಟ್ಟದ್ದೇ ತಪ್ಪಾಯಿತೆಂದು ಮೂವತ್ತು ವರ್ಷ ನನ್ನನ್ನೇ ದೂರಿಕೊಂಡೆ.

ಅವನ ತಂಗಿಯೇ ಈ ಮಗುವಿನ ತಾಯಿ. ಪ್ರಯೋಗಾಲಯದಲ್ಲಿ ರಕ್ತಕಣ ಎಣಿಸುವುದು ಅವಳ ಕೆಲಸ. ಕಾಗದ ನೋಡಿ ಅವಳು ಹುಬ್ಬು ಗಂಟಿಕ್ಕಿದಳು.

"ರೀ, ಇದು ಇವನದಲ್ಲ, ನನ್ನದು. ಹೊಟ್ಟೇಲಿದ್ದಾಗ ನಾನು ಕೊಟ್ಟ ಪ್ರತಿಕಾಯ. ಆರು ತಿಂಗಳಿಗೆ ಖಾಲಿ. ಅದನ್ನ ತಯಾರಿಸೋ ಕಣ ಇವನಲ್ಲಿ ಇದೆಯಾ ಅಂತ ಎಣಿಸಬೇಕು."

"ಬಾಣಂತಿ ಕಣೇ ನೀನು, ಮಲಕ್ಕೋ," ಎಂದೆ.

"ನಿದ್ದೆ ಬರಬೇಕಲ್ಲಮ್ಮ!"

ಮರುದಿನ ಬೆಳಿಗ್ಗೆ ಪ್ರಯೋಗಾಲಯಕ್ಕೆ ಹೋದೆವು. ಎಲ್ಲರೂ ಗುಬ್ಬಚ್ಚಿ ಎಂದು ಕರೆಯುವ ಅವಳ ಜೊತೆಯವಳು ಮಗುವಿನ ಹಿಮ್ಮಡಿಯಿಂದ ರಕ್ತ ತೆಗೆದಳು. ಮಗಳು ಯಂತ್ರದ ಕಡೆ ಹೊರಟಾಗ ಗುಬ್ಬಚ್ಚಿ ತಡೆದಳು.

"ಸ್ವಂತ ಕೂಸಿನ ಎಣಿಕೆ ನೀನು ಮಾಡೋ ಹಾಗಿಲ್ಲ. ಅಮ್ಮನ ಪಕ್ಕ ಸುಮ್ಮನೆ ಕೂತ್ಕೋ, ಮಹರಾಯ್ತಿ."

ಪರದೆಯ ಮೇಲೆ ಚುಕ್ಕೆಗಳು ಗುಂಪು ಗುಂಪಾಗಿ ಮೂಡಿದವು. ಪ್ರತಿಕಾಯ ತಯಾರಿಸುವ ಕಣಗಳು ಇರಬೇಕಾದ ಮೂಲೆ ಮಾತ್ರ ಬರಿದಾಗಿತ್ತು. ಹದಿನೈದು ದಿನದ ಮೇಲೆ ಜೀನ್ ಪರೀಕ್ಷೆ ಅದರ ಕಾರಣವನ್ನೂ ಹೇಳಿತು.

ಮಗಳು ನನ್ನ ಕೈ ಹಿಡಿದು ವಿವರಿಸಿದಳು. "ಮೂಳೆಮಜ್ಜೆಯಲ್ಲಿ ಹುಟ್ಟಿದ ಕಣಕ್ಕೆ 'ಬೆಳಿ' ಅಂತ ಅಪ್ಪಣೆ ಬರುತ್ತೆ. ಅದನ್ನ ಒಳಗೆ ದಾಟಿಸೋದು ಕೈನೇಸ್ ಅನ್ನೋ ಪ್ರೋಟೀನು. ಅದು ಇನ್ನೊಂದು ಪ್ರೋಟೀನಿಗೆ ಫಾಸ್ಫೇಟಿನ ಗುರುತು ಅಂಟಿಸಿದರೇನೇ ಮಾತು ಮುಂದೆ ಹೋಗೋದು. ಇವನಲ್ಲಿ ಆ ಕೈನೇಸೇ ಕೆಟ್ಟಿದೆ. ಕಣ ಎಳೆಯದಾಗಿದ್ದಾಗಲೇ ಸಾಯುತ್ತೆ. ಅಣ್ಣನಿಗೂ ಇದೇ ಇದ್ದಿರಬೇಕು."

"ತಣ್ಣೀರಿಂದ ಅಲ್ವೇನೇ?"

"ನೀನು ಸಮುದ್ರದಲ್ಲೇ ಅದ್ದಿದ್ರೂ ಅದರಿಂದ ಅಲ್ಲಮ್ಮ. ನಿನ್ನಿಂದ ನನಗೆ, ನನ್ನಿಂದ ಇವನಿಗೆ ಬಂದಿದೆ. ಹೆಣ್ಣಿನಲ್ಲಿ ಅಡಗಿರುತ್ತೆ, ಗಂಡುಮಕ್ಕಳಲ್ಲಿ ರೋಗವಾಗಿ ಕಾಣಿಸುತ್ತೆ. ಕೊಡ್ತಿದೀವಿ ಅಂತ ನಮಗಿಬ್ಬರಿಗೂ ಗೊತ್ತಿರಲಿಲ್ಲ."

ನಾನು ಅತ್ತುಬಿಟ್ಟೆ. ಅದು ಮಗನಿಗಾಗಿ ಅತ್ತ ಅಳು. ಮೊಮ್ಮಗನಿಗಾಗಿ ಅಳುವ ಅಗತ್ಯ ಬೀಳಲಿಲ್ಲ. ಒಂದು ಸೋಂಕೂ ತಗಲುವ ಮೊದಲೇ, ದಾನಿಗಳ ರಕ್ತದಿಂದ ಬೇರ್ಪಡಿಸಿದ ಪ್ರತಿಕಾಯಗಳನ್ನು ತಿಂಗಳಿಗೊಮ್ಮೆ ಕೊಡಲು ಆರಂಭಿಸಿದರು. ಆ ದಾನಿಗಳ ಮನೆ ತಣ್ಣಗಿರಲೆಂದು ದಿನವೂ ಬೇಡಿಕೊಳ್ಳುತ್ತೇನೆ.

ಈಗ ಅವನಿಗೆ ಆರು ವರ್ಷ. ಸೂಜಿ ಚುಚ್ಚುವ ದಿನ ನನ್ನ ತೊಡೆಯ ಮೇಲೆಯೇ ಕೂರುತ್ತಾನೆ.

"ಅಜ್ಜಿ, ನೀನು ಕಣ್ಣು ಮುಚ್ಚಿಕೋ. ನಾನು ನೋಡ್ತಿರ್ತೀನಿ."