ಹೂಂ ಅನ್ನುವವಳು

ವೈರು ಮತ್ತೆ ಜಗ್ಗಿತು, ಎಡಗಿವಿಯೊಳಗೆ ಮಾತಾಡುತ್ತಿದ್ದ ದನಿ ಅರ್ಧ ವಾಕ್ಯದಲ್ಲೇ ಜಾರಿ ಬ್ಲೌಸಿನ ತೋಳಿನ ಮೇಲೆ ಬಿತ್ತು, ಅಲ್ಲಿಂದಲೇ ಸೊಳ್ಳೆಯ ಹಾಗೆ ಗುಯ್‌ಗುಡುತ್ತಿದೆ, ಕಥೆಯ ಸೂಲಗಿತ್ತಿ ಈಗ ಏನೆಂದಳು, ಹೊಳೆ ದಾಟುತ್ತೇನೆ ಎಂದಳೋ ಒಲ್ಲೆ ಎಂದಳೋ, ಅತ್ತೆ ಅತ್ತ ತಿರುಗಿ ಕೂತದ್ದಕ್ಕೆ ಇಡೀ ಹೊಳೆಯೇ ಕೈತಪ್ಪಿ ಹೋಯಿತು, ಪ್ರೇಮಲತಾ ಹೊಲಿಗೆ ಮಿಷನ್ನಿನ ಚಕ್ರಕ್ಕೆ ಕೈಯೊಡ್ಡಿ ನಿಲ್ಲಿಸಿ, ಇಯರ್‌ಫೋನನ್ನು ಹುಡುಕಿ ಮತ್ತೆ ಕಿವಿಗೆ ತುರುಕಿಕೊಂಡಳು. ಅತ್ತೇ, ಅಲ್ಲಾಡಬ್ಯಾಡ್ರಿ ಅಂತ ಎಷ್ಟು ಸಲ ಹೇಳ್ಬೇಕ್ರೀ. ಹೂಂ, ಎಂದರು ಸರ್ವಮಂಗಳಮ್ಮ. ಅದು ಸೊಸೆಗೆ ಹೇಳಿದ ಹೂಂ ಅಲ್ಲ, ಬಲಗಿವಿಯೊಳಗೆ ಕೂತು ಪುಸ್ತಕ ಓದುತ್ತಿರುವ ಆ ರೇಡಿಯೋ ಗಂಟಲಿನವನಿಗೆ ಹೇಳಿದ್ದು. ಎಲ್ಲ ಆ ಕಣ್ಣಿನ ಪೊರೆಯಿಂದ ಶುರುವಾಯಿತು — ಆಪರೇಷನ್ ಆದಮೇಲೆ ಟಿವಿ ನೋಡಬಾರದು ಎಂದು ಡಾಕ್ಟರು ಹೇಳಿದರು, ಕಪ್ಪು ಕನ್ನಡಕ ಹಾಕಿಕೊಂಡು ಸುಮ್ಮನೆ ಕೂರುವ ಜೀವವೇ ಇದು, ನಿನ್ ಕಿವ್ಯಾಗೆ ಅದೇನ್ ಕೇಳ್ತೀಯೇ ದಿನಾ, ನನಗೂ ಒಂಚೂರು ಕೊಡೇ ಎಂದರು, ಕೊಟ್ಟಳು, ಈಗ ಒಂದೇ ವೈರಿಗೆ ಇಬ್ಬರು ಗಂಟು ಬಿದ್ದಿದ್ದಾರೆ, ಹಾಲು ಉಕ್ಕಿತು ಎಂದು ಇವಳು ಎದ್ದರೆ ಅವರ ಕಿವಿ ಜಗ್ಗುತ್ತದೆ, ನೊಣ ಕೂತಿತು ಎಂದು ಅವರು ತಲೆ ಕೊಡವಿದರೆ ಇವಳ ಕಥೆ ನೆಲಕ್ಕೆ ಬೀಳುತ್ತದೆ. ಅದಾದರೂ ಹೋಗಲಿ, ಈ ಹೂಂ — ವಾಕ್ಯಕ್ಕೊಂದು ಹೂಂ, ಸೂಲಗಿತ್ತಿ ನೀರು ಕುಡಿದರೂ ಹೂಂ, ಮಗಳು ಸತ್ತರೂ ಹೂಂ, ಅತ್ತೆ ಅದು ಮಿಷನ್ ರೀ, ನೀವು ಹೂಂ ಅಂದಿದ್ದು ಅದಕ್ಕೆ ಕೇಳ್ಸಲ್ಲ ಎಂದರೆ ಅದಕ್ಕೂ ಹೂಂ.

ಹೂಂ ಎಂಬ ಶಬ್ದ ಕೇಳಿದರೇ ನಿನ್ನೆಯಿಂದ ಮೈ ಉರಿಯುತ್ತಿದೆ. ಮನೆಯಲ್ಲಿ ಒಂದು ಹೂಂ, ಫೋನಿನಲ್ಲಿ ಒಂದು ಹೂಂ. ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು ಸೇರಿಸಿ ನಾಲ್ಕೂರ ಕೇಳುಗರು ಎಂದು ವಾಟ್ಸಾಪ್ ಗುಂಪು ಮಾಡಿದ್ದು ಯಾತಕ್ಕೆ, ಕಿವಿಯಲ್ಲಿ ಪುಸ್ತಕ ಕೇಳುವವರು ನಾಲ್ಕು ಜನ ಸೇರಿ ಇದು ಚೆನ್ನಾಗಿದೆ ಕೇಳಿ, ಅದನ್ನು ಮುಟ್ಟಬೇಡಿ ಎಂದು ಹೇಳಿಕೊಳ್ಳಲಿ ಎಂದು, ಈಗ ನೋಡಿದರೆ ಬೆಳಗೆದ್ದು ದಾಸವಾಳದ ಹೂವಿನ ಮೇಲೆ ಶುಭೋದಯ, ಯಾರದೋ ಮೊಮ್ಮಗಳ ನಾಮಕರಣ, ಮಂಡಿನೋವಿಗೆ ಎಕ್ಕದೆಲೆ. ಸಾಸ್ವೆಹಳ್ಳಿಯ ವಿನಯ್ ಕುಮಾರ್ ಇದ್ದಾನಲ್ಲ, ಯಾವ ಪುಸ್ತಕವನ್ನೂ ಎರಡು ಪಟ್ಟು ವೇಗದಲ್ಲಿ ಓಡಿಸಿ ಮುಗೀತು, ಮುಂದಿಂದು ಹೇಳ್ರಿ ಎನ್ನುತ್ತಾನೆ, ಅವನ ಕಿವಿಯಲ್ಲಿ ಅಳುವವರೂ ಗಡಿಬಿಡಿಯಲ್ಲೇ ಅಳಬೇಕು. ಇನ್ನು ಅಡ್ಮಿನ್ನು, ಚನ್ನಗಿರಿಯ ಗುರುಬಸವರಾಜ್ ಮೇಷ್ಟ್ರು, ಹೈಸ್ಕೂಲಿನಿಂದ ರಿಟೈರಾದರೂ ಹೆಡ್‌ಮಾಸ್ಟರಿಕೆ ರಿಟೈರಾಗಿಲ್ಲ, ಮೊನ್ನೆ ಒಂದು ಪತ್ತೇದಾರಿ ಪುಸ್ತಕ ಶಿಫಾರಸು ಮಾಡಿದ ಸಂದೇಶದಲ್ಲೇ ಕೊಲೆಗಾರ ಭಾವಮೈದ ಎಂದು ಬರೆದರು, ಪ್ರೇಮಲತಾ ಆ ಪುಸ್ತಕವನ್ನು ಅರ್ಧ ಕೇಳಿದ್ದಳು, ಯಾಕ್ ಸಾರ್ ಹೇಳಿಬಿಟ್ರಿ ಎಂದರೆ ಉತ್ತಮ ಕೃತಿಗೆ ಕುತೂಹಲ ಮುಖ್ಯವಲ್ಲಮ್ಮಾ ಎಂದು ಉಪದೇಶ. ಇಂಥವರ ನಡುವೆ ಅವಳು, ನ್ಯಾಮತಿಯ ಈ ಓಣಿಯಲ್ಲಿ ಕೂತು, ಕೇಳಿದ ಅಧ್ಯಾಯವನ್ನು ಮಧ್ಯಾಹ್ನದ ಹೊತ್ತು ತನ್ನದೇ ಬಾಯಿಂದ, ಸಣ್ಣಸಣ್ಣ ವಾಯ್ಸ್ ಮೆಸೇಜ್ ಮಾಡಿ ಆ ಗುಂಪಿಗೆ ಹೇಳುತ್ತಾ ಬಂದಳಲ್ಲ, ಬುದ್ಧಿ ಬೇಡವೇ ತನಗೆ.

ಹೇಳಿಸಿದ್ದು ಫೋನಿನಲ್ಲಿ ಹೂಂ ಅನ್ನುವ ಆ ಹುಡುಗಿಯೇ. ಬಿಳಿಚೋಡಿನ ಆಶಾ, ಮುಖ ನೋಡಿದ್ದಿಲ್ಲ, ದನಿ ಕೇಳಿದ್ದಿಲ್ಲ, ಫೋಟೋದ ಜಾಗದಲ್ಲಿ ಒಂದು ಕುರಿಮರಿ. ಗುಂಪಿಗೆ ಸೇರಿದ ದಿನ ಉದ್ದಕ್ಕೆ ಬರೆದಿದ್ದಳು, ಅಕ್ಕಾ ಕುರಿ ಹಿಂದೆ ಗುಡ್ಡಕ್ಕೆ ಹೋದ್ರೆ ನೆಟ್‌ವರ್ಕ್ ಸಿಗಲ್ಲ, ಅಷ್ಟು ದೊಡ್ಡ ಪುಸ್ತಕ ಇಳಿಯಾಕೆ ಆಗಲ್ಲ, ನೀವು ಬಾಯಲ್ಲಿ ಹೇಳಿದ್ದಾದ್ರೆ ಇಳಿತೈತೆ, ಒಂಚೂರು ಒಂಚೂರು ಹೇಳ್ರಿ. ಅಷ್ಟೇ, ಆಮೇಲೆ ಬಾಯಿ ಬಿದ್ದುಹೋದವಳಂತೆ ಬರೀ ಹೂಂ. ಸೂಲಗಿತ್ತಿಯ ಮಗಳು ಸತ್ತದ್ದನ್ನು ಹೇಳುವಾಗ ಪ್ರೇಮಲತಾ ಮಾಡಿದ ವಾಯ್ಸನ್ನು ಮೂರು ಸಲ ಅಳಿಸಿ ಮತ್ತೆ ಹೇಳಿದ್ದಳು, ಎಲ್ಲರೂ ಕೈಮುಗಿದರು, ಅಳುವ ಮುಖ ಹಾಕಿದರು, ಗುರುಬಸವರಾಜ್ ಮೇಷ್ಟ್ರು ಹೃದಯಸ್ಪರ್ಶಿ ಎಂದು ಬರೆದರು, ಇವಳು ಹೂಂ. ಯಾವ ಪಾತ್ರ ಹಿಡಿಸಿತಮ್ಮ ಎಂದು ಮೇಷ್ಟ್ರು ಕೇಳಿದರೆ ಅದಕ್ಕೂ ಹೂಂ. ನಿನ್ನೆಯಂತೂ — ಒಂದು ಕಾಲಕ್ಕೆ ಸೂಲಗಿತ್ತಿಯನ್ನು ಹೊಸಿಲಿನಿಂದ ಆಚೆ ತಳ್ಳಿದ್ದ ಮನೆ, ಈಗ ಆ ಮನೆಯ ಸೊಸೆಗೇ ನೋವು ಕಾಣಿಸಿಕೊಂಡಿದೆ, ಹೊಳೆ ತುಂಬಿದೆ, ದಾಟಿ ಹೋಗಬೇಕೋ ಬೇಡವೋ, ನೀವೆಲ್ಲ ಏನಂತೀರಿ ಎಂದು ಪ್ರೇಮಲತಾ ಕೇಳಿದಳು, ಹೋಗಬೇಕು ಎಂದವರು ಕೆಲವರು, ಹೋಗಬಾರದು ಎಂದವರು ಕೆಲವರು, ವಿನಯ್ ಕುಮಾರನಿಗೆ ಕೊನೆ ಗೊತ್ತಿದ್ದೂ ಸದ್ಯ ಬಾಯಿ ಬಿಡಲಿಲ್ಲ, ಆಶಾ ಮಾತ್ರ ಹೂಂ. ಹೂಂ ಅಂದರೆ ಯಾವುದಮ್ಮಾ ತಾಯಿ, ಹೋಗಲಿ ಎಂದೋ ಬೇಡ ಎಂದೋ. ಪಿತ್ತ ನೆತ್ತಿಗೇರಿ ಗುಂಪಿನಲ್ಲೇ, ನಲವತ್ತು ಚಿಲ್ಲರೆ ಜನರ ಎದುರಿಗೆ ಬರೆದೇಬಿಟ್ಟಳು, ಆಶಾ, ನೀನು ಕಥೆ ಕೇಳ್ತಾ ಇದೀಯೋ ಇಲ್ಲಾ ಸುಮ್ನೆ ಕಾಟಾಚಾರಕ್ಕೆ ಹೂಂ ಅಂತಾ ಇದೀಯೋ, ಕೇಳಾಕೆ ಇಷ್ಟ ಇಲ್ದಿದ್ರೆ ಯಾಕ್ ಇರ್ತೀಯಾ. ಬಂತು ಉತ್ತರ, ಹೂಂ ಅಕ್ಕ. ಕೇಳುತ್ತಿದ್ದೇನೆ ಎಂದೋ, ಕಾಟಾಚಾರಕ್ಕೆ ಎಂದೋ, ಆ ಹೂಂ ಯಾವ ಪ್ರಶ್ನೆಗೆ ಎಂದು ತಲೆ ಚಚ್ಚಿಕೊಳ್ಳುವಷ್ಟರಲ್ಲಿ ಮೇಷ್ಟ್ರು ಗುಂಪಿನ ಶಿಸ್ತು ಎಂದು ಒಂದು ಪ್ಯಾರಾ ಬರೆದರು, ಅದರ ಕೆಳಗೇ ಬೂದು ಬಣ್ಣದ ಸಾಲು, ಆಶಾಳನ್ನು ತೆಗೆದುಹಾಕಲಾಗಿದೆ. ಒಳ್ಳೆಯದೇ ಆಯಿತು ಎಂದುಕೊಂಡಳು. ನಿಜವಾಗಿ ಹಾಗೇ ಅಂದುಕೊಂಡಳು, ಅಂದುಕೊಂಡು ಅನ್ನಕ್ಕಿಟ್ಟಳು.

ಈಗ ಹೊಲಿಗೆ ಮಿಷನ್ನು ಓಡುತ್ತಿದೆ, ಓಡಿದರೆ ಕಥೆ ಕೇಳುವುದಿಲ್ಲ, ನಿಲ್ಲಿಸಿದರೆ ಬ್ಲೌಸು ಮುಗಿಯುವುದಿಲ್ಲ, ತೋಳಿಗೆ ಉಲ್ಟಾ ಹೊಲಿಗೆ ಬೇರೆ ಬಿದ್ದಿದೆ, ಬಿಚ್ಚಬೇಕು, ಕತ್ತರಿಯ ತುದಿಯಿಂದ ನೂಲನ್ನು ಒಂದೊಂದಾಗಿ ಎತ್ತುತ್ತಿದ್ದಾಗ ಮನೆ ಯಾಕೋ ಸುಮ್ಮನಾದಂತೆ ಅನ್ನಿಸಿತು, ಅತ್ತೆ ತೂಕಡಿಸುತ್ತಿದ್ದಾರೆ, ಗದ್ದ ಎದೆಗೆ ತಾಗಿದೆ, ಕಿವಿಯೊಳಗಿನವನು ಮಾತ್ರ ಹೇಳುತ್ತಲೇ ಇದ್ದಾನೆ, ಹರಿಗೋಲು, ಸುಳಿ, ಹುಟ್ಟು, ಕತ್ತಲು, ನಿಲ್ಲುವ ಮಾತೇ ಇಲ್ಲ. ಫಕ್ಕನೆ ಎಚ್ಚರವಾಗಿ ಸರ್ವಮಂಗಳಮ್ಮ ರೇಗಿದರು, ಇದೇನೇ ಇದು, ಇವನು ಎಲ್ಲಿಗೋ ಹೋಗ್ಯಾನೆ, ದಂಡೆ ಮ್ಯಾಲಿದ್ಲು ಅವ್ಳು, ನಡುನೀರಾಗೆ ಹೆಂಗೆ ಬಂದ್ಲು. ನೀವು ನಿದ್ದೆ ಮಾಡಿದ್ರಿ ಅತ್ತೆ. ಮಾಡಿದ್ರೇನು, ನಾನು ಹೂಂ ಅಂದಿಲ್ಲ, ಹೂಂ ಅನ್ನದೆ ಅವ್ನು ಹೆಂಗೆ ಮುಂದಕ್ಕೋದ, ನಾವು ಸಣ್ಣೋರಿದ್ದಾಗ ಹೂಂ ನಿಂತ್ರೆ ನಮ್ಮಜ್ಜಿ ಕಥೆ ನಿಲ್ಸಾದು, ಇವ್ನಿಗೆ ಕೇಳೋರು ಇದಾರೋ ಸತ್ತಿದಾರೋ ಒಂದೂ ಬ್ಯಾಡ, ಹಿಂದಕ್ಕಾಕು. ಪ್ರೇಮಲತಾ ಹಿಂದಕ್ಕೆ ಹಾಕಲು ಫೋನು ತೆಗೆದುಕೊಂಡವಳು ಹಾಗೇ ಕೂತಳು. ಹೂಂ ಅನ್ರೇ, ಇಲ್ದಿದ್ರೆ ಹೇಳಲ್ಲ — ಅವಳಿಗೂ ಹೇಳಿದ್ದರಲ್ಲ, ಅಮ್ಮ, ಹೊನ್ನಾಳಿಯ ಮನೆಯಲ್ಲಿ, ರೊಟ್ಟಿ ಬಡಿಯುತ್ತಾ, ಹೂಂ ಎನ್ನುವುದನ್ನು ಮರೆತು ಬಾಯಿ ತೆರೆದು ಕೂತರೆ ಕಥೆ ಅಲ್ಲೇ ನಿಲ್ಲುತ್ತಿತ್ತು, ಹೂಂ ಹೂಂ ಹೂಂ ಎಂದು ತಂಗಿಯೂ ತಾನೂ ಕೂಗಿದ ಮೇಲೆ ರಾಜಕುಮಾರ ಕುದುರೆ ಹತ್ತುತ್ತಿದ್ದ, ಅಯ್ಯೋ ಶಿವನೆ, ಮಿಷನ್ನಿನ ಕಥೆ ಕೇಳಿ ಕೇಳಿ ಅದನ್ನೇ ಮರೆತೆನಲ್ಲ. ಗುಂಪನ್ನು ತೆರೆದು ಮೇಲಕ್ಕೆ ಸರಿಸಿದಳು, ಇವಳದೊಂದು ವಾಯ್ಸ್, ಕೆಳಗೊಂದು ಹೂಂ, ಇವಳದೊಂದು ವಾಯ್ಸ್, ಕೆಳಗೊಂದು ಹೂಂ, ಗುಡ್ಡದ ಮೇಲೆ ಎಲ್ಲಿ ಸಿಗ್ನಲ್ ಸಿಕ್ಕಿತೋ ಅಲ್ಲಿ ನಿಂತು ಕೇಳಿ, ಎಚ್ಚರಿದ್ದೀನಿ ಹೇಳ್ರಿ ಅಕ್ಕ ಎಂದು ಹೇಳಿದ್ದು, ಯಾವ ಪಾತ್ರ ಹಿಡಿಸಿತು ಎಂದು ಕೇಳಿದರೆ ಅದಕ್ಕೇನು ಹೇಳುತ್ತಾಳೆ, ಕಥೆಯ ನಡುವೆ ಯಾರಾದರೂ ಪರೀಕ್ಷೆ ಇಡುತ್ತಾರೆಯೇ. ಹುಡುಗಿ, ಒಂದು ಮಾತು ಬಿಡಿಸಿ ಹೇಳಬಾರದಿತ್ತೇ, ಆ ಹೂಂ ಈ ಹೂಂ ಎಂದು, ಎಂಥ ಮೊದ್ದು ನೀನು, ಎಂಥ ಮೊದ್ದು ನಾನು.

ಮೇಷ್ಟ್ರಿಗೆ ಫೋನು ಮಾಡಿದಳು. ಸಾರ್, ಆಶಾನ ವಾಪಸ್ ಸೇರಿಸ್ರಿ, ನಂದೇ ತಪ್ಪು. ನೋಡಮ್ಮಾ ಪ್ರೇಮಲತಾ, ಎಂದು ಅವರು ಗಂಟಲು ಸರಿಮಾಡಿಕೊಂಡರು, ದೂರು ಕೊಟ್ಟಿದ್ದು ನೀವು, ಇವತ್ತು ತೆಗಿ ನಾಳೆ ಸೇರಿಸು ಅಂದ್ರೆ ಇದೇನು ಸಂತೆಯಾ, ಅಭಿಪ್ರಾಯ ಬರೆಯಾಕೆ ಬರದೋರು ನಮ್ಮ ಗುಂಪಿಗೆ ಯಾಕೆ. ಅವ್ಳು ಕೇಳ್ತಿದ್ಲು ಸಾರ್, ನಾನು ಹೇಳಿದ್ದನ್ನೆಲ್ಲ ಕೇಳ್ತಿದ್ಲು. ಯಾವುದನ್ನ. ಸೂಲಗಿತ್ತಿ ಕಥೆ ಸಾರ್, ವಾಯ್ಸ್ ಹಾಕ್ತೀನಲ್ಲ. ಓ ಅದಾ, ಎಂದರು ಮೇಷ್ಟ್ರು, ತಾಯಿ ಬೇಜಾರು ಮಾಡ್ಕಬ್ಯಾಡ್ರಿ, ಅದೆಲ್ಲ ಕೇಳಾಕೆ ನನಗೆಲ್ಲಿ ಪುರಸೊತ್ತು ಐತೆ, ನಿಮ್ಮ ಪ್ರೋತ್ಸಾಹಕ್ಕೆ ಒಂದು ಮಾತು ಬರೀತೀನಿ ಅಷ್ಟೆ. ಹೃದಯಸ್ಪರ್ಶಿ! ಫೋನಿಟ್ಟಮೇಲೂ ಆ ಪದ ಬಾಯಲ್ಲಿ ಕಹಿಯಾಗಿ ಉಳಿಯಿತು. ಗುಂಪಿನಲ್ಲಿ ಎಲ್ಲರೂ ಕೇಳಿದರೆ ವಾಯ್ಸ್ ಪಕ್ಕದ ಪುಟ್ಟ ಮೈಕು ನೀಲಿಯಾಗುತ್ತದಂತೆ, ವಿನಯ್ ಕುಮಾರ್ ಒಮ್ಮೆ ಹೇಳಿದ್ದ, ಮೇಲಿನಿಂದ ಕೆಳಗಿನವರೆಗೂ ನೋಡಿದಳು, ಒಂದೇ ಒಂದು ಮೈಕು ನೀಲಿಯಾಗಿಲ್ಲ, ಕೈಮುಗಿದವರು, ಅತ್ತವರು, ಹೊಳೆ ದಾಟಬೇಕು ಎಂದು ವಾದ ಮಾಡಿದವರು, ಯಾರು ಕೇಳಿದರೋ ಯಾರು ಬಿಟ್ಟರೋ ಶಿವನಿಗೇ ಗೊತ್ತು. ಮನೆಯಲ್ಲಾದರೂ ಏನು, ಗಂಡನಿಗೆ ಕಥೆ ಹೇಳಿದರೆ ತಟ್ಟೆಯಿಂದ ತಲೆ ಎತ್ತದೆ ಆಮೇಲೆ ಹೇಳು ಎನ್ನುತ್ತಾನೆ, ಹಾಗೆಂದದ್ದು ಅವನಿಗೇ ನೆನಪಿರುವುದಿಲ್ಲ. ತನ್ನ ಮಾತಿಗಾಗಿ ಕಾದವಳು ಇಡೀ ಭೂಮಿಯ ಮೇಲೆ ಅವಳೊಬ್ಬಳೇ ಇದ್ದಳು, ಅವಳನ್ನೇ ಆಚೆ ಹಾಕಿಸಿ ಅನ್ನಕ್ಕಿಟ್ಟೆ.

ಆಶಾಳ ನಂಬರು ಇತ್ತು. ತನ್ನದೇ ಫೋನಿನಿಂದ ನೇರ ಅವಳಿಗೇ ವಾಯ್ಸ್, ಆಶಾ, ನಾನು ಪ್ರೇಮಕ್ಕ, ನಿನ್ನೆ ಸಿಟ್ಟಿನಾಗೆ — ಅಳಿಸಿದಳು. ತಂಗೀ ತಪ್ಪು ತಿಳ್ಕಬ್ಯಾಡ — ಅದನ್ನೂ ಅಳಿಸಿದಳು, ಥೂ, ಸೀರಿಯಲ್ಲಿನ ಮಾತಿನ ಹಾಗಿದೆ. ಸುಮ್ಮನೆ ನಿಲ್ಲಿಸಿದಲ್ಲಿಂದ ಹೇಳಿದಳು, ಸೂಲಗಿತ್ತಿ ಹೊಳೆದಂಡೆಗೆ ಬಂದ್ಲು ಆಶಾ, ಆಚೆ ದಡದಾಗೆ ಆ ಮನೆಯೋರು ದೀಪ ಹಿಡ್ಕೊಂಡು ನಿಂತಾರೆ, ಅವಳನ್ನ ಹೊರಗೆ ತಳ್ಳಿದ್ರಲ್ಲ, ಅದೇ ಮನೆಯೋರು — ಇಲ್ಲಿ ನಾಲಿಗೆ ತೊದಲಿತು, ತೊದಲಿದ್ದನ್ನು ಹಾಗೇ ಬಿಟ್ಟಳು — ಬಾರವ್ವಾ ಅಂತ ಕರೆಯಾಕೆ ಅವರಿಗೆ ಬಾಯಿಲ್ಲ, ಇವಳು ಹರಿಗೋಲಿಗೆ ಒಂದು ಕಾಲಿಟ್ಲು. ಅಷ್ಟಕ್ಕೇ ನಿಲ್ಲಿಸಿ ಕಳಿಸಿದಳು. ಒಂದೇ ಗುರುತು, ಇನ್ನೂ ತಲುಪಿಲ್ಲ. ಗುಡ್ಡದ ಮೇಲಿರುತ್ತಾಳೆ. ಅತ್ತೆಗೆ ಅನ್ನ ಬಡಿಸಿದಳು, ಸಾರಿಗೆ ಉಪ್ಪು ಕಡಿಮೆ ಎಂದರು, ಹಾಕಿದಳು, ಹೆಚ್ಚಾಯಿತು ಎಂದರು, ಬ್ಲೌಸಿನವಳು ಬಂದು ಇನ್ನೂ ಆಗಿಲ್ವೇನ್ರೀ ಎಂದಳು, ಸಂಜಿಕೆ ಬರ್ರಿ ಎಂದು ಸಾಗಹಾಕಿದಳು, ಎರಡು ಗುರುತಾಯಿತು. ತಲುಪಿದೆ. ಕೆಲಸವಿದ್ದಿರಬೇಕು, ಮರಿಯೇನಾದರೂ ತಪ್ಪಿಸಿಕೊಂಡಿರಬೇಕು, ಇಲ್ಲಾ ಬೇಕೆಂದೇ, ಬೇಕೆಂದೇ ಕೇಳದೆ ಬಿಟ್ಟಿದ್ದಾಳೆ, ಬಿಡಲಿ, ನನಗೇನು ಬೇರೆ ಕೆಲಸವಿಲ್ಲವೇ — ನೀಲಿಯಾಯಿತು.

ಮೈಕು ನೀಲಿಯಾಯಿತು. ಈಗ ಕೇಳಿದಳು, ಇದೀಗ, ಬಿಳಿಚೋಡಿನ ಗುಡ್ಡದಲ್ಲಿ ಕುರಿಗಳ ನಡುವೆ ನಿಂತು ಫೋನನ್ನು ಕಿವಿಗೆ ಹಿಡಿದು ಪೂರ್ತಿ ಕೇಳಿದಳು, ಇನ್ನೇನು ಬರುತ್ತದೆ, ಎರಡಕ್ಷರ ಬರೆಯಲು ಎಷ್ಟು ಹೊತ್ತು, ನಿನ್ನೆಯವರೆಗೂ ಕೇಳಿದ ಕೂಡಲೇ ಬರುತ್ತಿತ್ತು, ಸಿಟ್ಟಿದ್ದರೆ ಬೈದಾದರೂ ಬರೆ ಮಾರಾಯಿತಿ. ಮುಂದೇನಾತೇ, ದಾಟಿದ್ಲಾ, ಎಂದರು ಅತ್ತೆ ಕಪ್ಪು ಕನ್ನಡಕದೊಳಗಿಂದ, ಖಾಲಿ ವೈರನ್ನು ಕಿವಿಗೆ ಹಾಕಿಕೊಂಡೇ. ಮುಂದಿನದು ಇವಳ ಬಾಯಿ ತುದಿಯಲ್ಲೇ ಇದೆ, ಒತ್ತಿದರೆ ಹೇಳಬಹುದು, ಹೆಬ್ಬೆರಳು ಮೈಕಿನ ಮೇಲೇ ಇದೆ, ಒತ್ತುವುದು ಹೇಗೆ, ಹೂಂ ಬಂದಿಲ್ಲವಲ್ಲ, ಹೂಂ ಬರದೆ ಹೇಳುವ ಹಾಗಿಲ್ಲವಲ್ಲ, ಒಂದು ಕಾಲು ಹರಿಗೋಲಿನಲ್ಲಿದೆ, ಇನ್ನೊಂದು ದಂಡೆಯ ಮೇಲೆ, ಕೇಳಿದ್ದಾಳೆ, ನೀಲಿಯಾಗಿದೆ, ಕೇಳಿ ಸುಮ್ಮನಿದ್ದಾಳೆ, ಪರದೆ ಕಪ್ಪಾಯಿತು, ಮುಟ್ಟಿ ಎಬ್ಬಿಸಿದಳು, ನೀಲಿ ಮೈಕು, ಅದರ ಕೆಳಗೆ ಏನೂ ಇಲ್ಲ, ಮತ್ತೆ ಕಪ್ಪಾಯಿತು, ಎಬ್ಬಿಸಿದಳು, ನೀಲಿ ಮೈಕು, ಅದರ ಕೆಳಗೆ