ಮಲಗಲು ಜಾಗವಿಲ್ಲದ ಕಾರು

“ಹಿಂದಿನ ಸೀಟೇ ಇಲ್ವಲ್ಲೋ ಇದ್ರಲ್ಲಿ,” ಎಂದಳು ಅಕ್ಕ, ಕಿಟಕಿಯ ಗಾಜಿಗೆ ಹಣೆ ಒತ್ತಿ ಒಳಗೆ ಇಣುಕುತ್ತ.

“ಇಲ್ಲ ಕಣಕ್ಕ. ಅದಕ್ಕೇ ತಗೊಂಡಿದ್ದು.”

ಅಕ್ಕ ಕಾರಿಗೆ ಒಂದು ಸುತ್ತು ಬಂದಳು. ಗೋಡೆ ಹಿಡಿದು ನಡೆಯುವ ಅಭ್ಯಾಸವಾಗಿತ್ತಲ್ಲ, ಈಗ ಕಾರನ್ನೇ ಹಿಡಿದು ನಡೆದಳು. ನಿಂಬೆಹಣ್ಣಿನ ಹಳದಿ. ಇಂಗ್ಲೆಂಡಿನಲ್ಲಿ ತಯಾರಾಗಿ ಹಡಗಿನಲ್ಲಿ ಬಂದದ್ದು. ಎತ್ತರ ಎಷ್ಟು ಕಡಿಮೆಯೆಂದರೆ ಅಕ್ಕನ ಮೊಣಕೈ ಅದರ ತಲೆಯ ಮೇಲೆ ಆರಾಮಾಗಿ ಕೂರುತ್ತಿತ್ತು. ಎರಡೇ ಸೀಟು, ಅವುಗಳ ಬೆನ್ನಿಗೇ ಗಾಜು, ಅಲ್ಲಿಗೆ ಕಾರು ಮುಗಿಯಿತು.

ತಮ್ಮ ಶವವಾಹನದ ಚಾಲಕ. ಬೀದಿಯಲ್ಲಿ ಅವನ ಹೆಸರು ‘ಕೊನೇ ಗಾಡಿ’. ಎದುರಿಗೇ ಹಾಗೆ ಕರೆಯುತ್ತಾರೆ, ಅವನೂ ಓಗೊಡುತ್ತಾನೆ. ಅಕ್ಕ ಬಟ್ಟೆ ಹೊಲಿಯುವವಳು. ಅಮ್ಮ ಹೋದ ಮೇಲೆ ಯಂತ್ರದ ಟಕಟಕ ಸದ್ದಿನಲ್ಲೇ ಇವನಿಗೆ ನಿದ್ದೆ ಬರಿಸಿ ಬೆಳೆಸಿದವಳು. ಈಗ ಅವಳ ಕಾಯಿಲೆ ಮೂಳೆಗೆ ಇಳಿದಿತ್ತು. ದಿನವೂ ಆಸ್ಪತ್ರೆಗೆ ಹೋಗಿ ರೇಡಿಯೇಷನ್ ತಗೊಂಡು ಬರಬೇಕು, ತಪ್ಪಿಸಿದರೆ ಇರುವ ಚೂರು ಕಾಲವೂ ಮೊಟಕಾಗುತ್ತದೆ ಎಂದಿದ್ದರು ಡಾಕ್ಟರಮ್ಮ. ಅಕ್ಕ ಹತ್ತಿ ಇಳಿಯುವಷ್ಟರಲ್ಲಿ ಟ್ಯಾಕ್ಸಿಯವರ ಮುಖ ಗಂಟಾಗುತ್ತಿತ್ತು. ನಾನೇ ಕರ್ಕೊಂಡು ಹೋಗ್ತೀನಿ ಎಂದು ತಮ್ಮ ಹೇಳಿದಾಗ ಅವಳು ಕೇಳಿದ್ದು ಒಂದೇ ಮಾತು: ನಿನ್ನ ಗಾಡಿ ಹತ್ತಿದವರು ಯಾರಾದ್ರೂ ವಾಪಸ್ ಬಂದಿದ್ದಾರೇನೋ? ನಗುತ್ತಲೇ ಕೇಳಿದ್ದಳು. ಕೈ ಮಾತ್ರ ಬಾಗಿಲ ಚೌಕಟ್ಟನ್ನು ಬಿಡಲಿಲ್ಲ.

ಅದೇ ಯೋಚನೆಯಲ್ಲಿ ಅವನು ಕಾರಿನ ಅಂಗಡಿಗೆ ಹೋದ. ಯಾವ ಥರದ್ದು ಬೇಕು ಸಾರ್ ಎಂದು ಕೇಳಿದವನಿಗೆ, ಕಪ್ಪು ಬೇಡ, ಮತ್ತೆ ಹಿಂದೆ ಯಾರನ್ನೂ ಮಲಗಿಸೋಕೆ ಆಗಬಾರದು ಎಂದ. ಅಂಗಡಿಯವನು ತಮಾಷೆ ಅಂದುಕೊಂಡು ಹೊಟ್ಟೆ ಕುಲುಕಿಸಿ ನಕ್ಕ, ಆಮೇಲೆ ಈ ಹಳದಿಯನ್ನು ತೋರಿಸಿದ. ಜೀವಮಾನದ ಉಳಿತಾಯ ಒಂದೇ ಸಹಿಗೆ ಹೋಯಿತು. ಬೀದಿಗೆ ಬಂದಾಗ ಬೇಕರಿಯವನು ಕೈಯ ಹಿಟ್ಟು ಒರೆಸಿಕೊಳ್ಳುತ್ತ ಹೊರಬಂದು, “ಸಾಮಾನು ಇಡೋಕೇ ಜಾಗ ಇಲ್ವಲ್ಲಪ್ಪ ಕೊನೇ ಗಾಡಿ, ವ್ಯಾಪಾರ ಹೆಂಗೆ?” ಎಂದ.

ಮೊದಲ ದಿನವೇ ಗೊತ್ತಾಯಿತು, ಇದು ಅಕ್ಕನಿಗೆ ಹೇಳಿ ಮಾಡಿಸಿದ ಕಾರಲ್ಲ. ಒಳಗೆ ಕೂರುವುದೆಂದರೆ ಬಾವಿಗೆ ಇಳಿದ ಹಾಗೆ. ತಮ್ಮ ಒಂದು ಕೈ ಮೊಣಕಾಲ ಕೆಳಗೆ, ಇನ್ನೊಂದು ಕೈ ಕತ್ತಿನ ಹಿಂದೆ ಕೊಟ್ಟು ಅವಳನ್ನು ಎತ್ತಿದ. ಕೆಲಸದಲ್ಲಿ ಕಲಿತದ್ದು, ಕೈಗೆ ಬೇರೆ ರೀತಿ ಬರುವುದಿಲ್ಲ. “ಕತ್ತು ಹಿಡೀಬೇಡ್ವೋ,” ಎಂದಳು ಅಕ್ಕ, “ನಂಗಿನ್ನೂ ಅದು ನಿಲ್ಲುತ್ತೆ.” ಅವನ ಕಿವಿ ಕೆಂಪಾದವು.

ಕೂತ ಮೇಲೆ ಅವಳು ಸೀಟಿನ ಚರ್ಮದ ಮೇಲೆ ಬೆರಳಾಡಿಸಿ ಹೊಲಿಗೆ ಹುಡುಕಿದಳು. ಎಲ್ಲೂ ಒಂದು ನೂಲು ತಪ್ಪಿಲ್ಲ, ಯಾರೋ ಮನಸ್ಸಿಟ್ಟು ಹೊಲಿದಿದ್ದಾರೆ ಎಂದು ಒಪ್ಪಿಕೊಂಡಳು. ಅಷ್ಟರಲ್ಲಿ ಕಾರು ಟಿಣ್ ಟಿಣ್ ಎನ್ನತೊಡಗಿತು. ಸೀಟಿನ ಮೇಲೆ ಭಾರ ಬಿದ್ದರೆ ಸಾಕು, ಬೆಲ್ಟು ಹಾಕುವವರೆಗೂ ಸುಮ್ಮನಾಗುವುದಿಲ್ಲವಂತೆ. ನನಗಿಂತ ಜಾಸ್ತಿ ಗೊಣಗುತ್ತೆ ಎಂದು ಅಕ್ಕ ನಕ್ಕಳು. ತಮ್ಮ ಬಗ್ಗಿ ಅವಳ ಬೆಲ್ಟು ಸಿಕ್ಕಿಸಿದ. ತೊಡೆಯ ಮೇಲೆ ಅವಳ ಕೆಲಸದ ಚೀಲ, ಅದರಲ್ಲಿ ಕಲ್ಲಿನಷ್ಟು ಭಾರದ ಕತ್ತರಿ. ಆಸ್ಪತ್ರೆಯಲ್ಲಿ ಸರದಿ ಬರುವವರೆಗೆ ಯಾರದೋ ಅಂಗಿಗೆ ಗುಂಡಿ ಹಚ್ಚುವುದು ಅವಳ ರೂಢಿ.

ಎಂಜಿನ್ ಗಂಟಲು ಸರಿಮಾಡಿಕೊಂಡಂತೆ ಗುಡುಗಿತು. ಸದ್ದಿಲ್ಲದೆ ಹೊರಡುವುದನ್ನೇ ಹೊಟ್ಟೆಪಾಡು ಮಾಡಿಕೊಂಡಿದ್ದ ತಮ್ಮ, ಬೀದಿಯವರಿಗೆಲ್ಲ ಕ್ಷಮೆ ಕೇಳುವವನಂತೆ ಆಚೀಚೆ ನೋಡಿದ. ಸ್ಟೀರಿಂಗ್ ಮುಟ್ಟಿದರೆ ಸಾಕು, ತಿರುಗುತ್ತಿತ್ತು. ಲಾರಿಗಳ ಚಕ್ರ ಕಣ್ಣಿನ ಮಟ್ಟದಲ್ಲಿ ಉರುಳುತ್ತಿದ್ದವು. ರಸ್ತೆಯ ಒಂದೊಂದು ಹರಳೂ ಬೆನ್ನಿಗೆ ತಾಗುತ್ತಿತ್ತು. ಆದರೂ ಅಕ್ಕ ಹೋದಳು, ಬಂದಳು. ಮನೆ ಮುಂದೆ ಇಳಿದು, ನೋಡು, ವಾಪಸ್ ಬಂದೆ ಎಂದು ಬೇಕರಿಯವನಿಗೆ ಕೈಬೀಸಿದಳು.

ಕೆಲವು ದಿನ ಹೀಗೆ ನಡೆಯಿತು. ಒಂದು ಬೆಳಿಗ್ಗೆ ಸೇತುವೆಯ ಮೇಲೆ ಹೋಗುತ್ತಿದ್ದಾಗ ಅಕ್ಕ ಪಕ್ಕದ ಕನ್ನಡಿ ನೋಡಿದಳು. ಹಿಂದೆ ಕಾರುಗಳ ಉದ್ದನೆಯ ಸಾಲು. ಒಂದಾದರೂ ಹಾರ್ನ್ ಮಾಡುತ್ತಿಲ್ಲ. ಶವವಾಹನದ ರೂಢಿಯಂತೆ ಹಗಲಲ್ಲೇ ತಮ್ಮ ದೀಪ ಹಚ್ಚಿಕೊಂಡು ಹೋಗುತ್ತಿದ್ದ. ಅದನ್ನು ನೋಡಿ ಹಿಂದಿನವರೂ ಹಚ್ಚಿಕೊಂಡಿದ್ದರು. ಕೈಗೆ ಹತ್ತಿದ ನಡಿಗೆಯ ವೇಗ, ಒಳಗಿದ್ದವರು ಅಲುಗದಂಥ ತಿರುವು. ಸೇತುವೆಯ ಅಂಚಿನಲ್ಲಿ ನಿಂತಿದ್ದ ಮುದುಕರೊಬ್ಬರು ತಮ್ಮನ ಮುಖ ಗುರುತಿಸಿದರೋ ಏನೋ, ಟೋಪಿ ತೆಗೆದು ಎದೆಗೆ ಹಿಡಿದು ತಲೆ ತಗ್ಗಿಸಿದರು.

ಅಕ್ಕ ಅವರನ್ನು ನೋಡಿದಳು. ತಮ್ಮನೂ ನೋಡಿದ.

“ಯಾರನ್ನ ಹೊತ್ಕೊಂಡು ಹೋಗ್ತಿದೀಯ ನೀನು?” ಎಂದಳು ಅಕ್ಕ. “ತಿರುಗ್ಸು ಗಾಡೀನ.”

ಮನೆಗೆ ಬಂದು ಯಂತ್ರದ ಮುಂದೆ ಕೂತವಳು ಮಾರನೆಯ ದಿನ ಆಸ್ಪತ್ರೆಗೆಂದು ಏಳಲಿಲ್ಲ, ಅದರ ಮಾರನೆಯ ದಿನವೂ ಏಳಲಿಲ್ಲ. ಡಾಕ್ಟರಮ್ಮ ಫೋನ್ ಮಾಡಿ ರೇಗಿದರು. ಟ್ಯಾಕ್ಸಿ ತರಿಸಿದರೆ ಅಕ್ಕ ಅದನ್ನೂ ವಾಪಸ್ ಕಳಿಸಿದಳು. ತಮ್ಮ ಹೊಸ್ತಿಲ ಮೇಲೆ ಕೂತು ಬೇಡಿಕೊಂಡ. ದೀಪ ಹಚ್ಚಲ್ಲ ಅಂದ, ಟೋಪಿ ತೆಗೆಯೋರು ಇಲ್ಲದ ದಾರೀಲಿ ಹೋಗೋಣ ಅಂದ. ಕೊನೆಗೆ ಅಕ್ಕ ದಾರ ಕಚ್ಚಿ ತುಂಡು ಮಾಡಿ, ಬರ್ತೀನಿ, ಆದ್ರೆ ಓಡಿಸಬೇಕು ಅಂದಳು. ಇಂಥ ಗಾಡಿ ಇಟ್ಕೊಂಡೋರು ಹೆಂಗೆ ಓಡಿಸ್ತಾರೋ ಹಂಗೆ. ಮೂಳೆಗೆ ಆಗಲ್ಲ ಎಂದ ತಮ್ಮ. ಮೂಳೆ ನಂದು ಎಂದಳು ಅಕ್ಕ.

ಊರಾಚೆಯ ದೊಡ್ಡ ರಸ್ತೆಯಲ್ಲಿ ತಮ್ಮ ಹೆದರುತ್ತ ಹೆದರುತ್ತ ಕಾಲು ಒತ್ತಿದ. ಕಾರು ಅಷ್ಟು ದಿನ ಕಟ್ಟಿಹಾಕಿದ್ದಂತೆ ಮುಂದಕ್ಕೆ ಹಾರಿತು. ಬೇಲಿ, ಕಂಬ, ಲಾರಿ ಎಲ್ಲ ಹಿಂದಕ್ಕೆ ಸರಿದವು. ಅಕ್ಕ ಗಾಜು ಇಳಿಸಿದಳು. ತಲೆಗೆ ಕಟ್ಟಿದ್ದ ಬಟ್ಟೆ ಹಾರಿಹೋಯಿತು, ಕೂದಲು ಉದುರಿದ ತಲೆಗೆ ಗಾಳಿ ಬಡಿಯಿತು. ಅವಳು ಬಾಯಿಬಿಟ್ಟು ನಕ್ಕಳು. ತಮ್ಮನೂ ನಕ್ಕ. ಇಬ್ಬರೂ ಹಾಗೆ ನಕ್ಕು ಎಷ್ಟು ಕಾಲವಾಗಿತ್ತೋ.

ರಸ್ತೆಯ ಗುಂಡಿ ಕಾಣಿಸಿದಾಗ ಅದು ಚಕ್ರದ ಕೆಳಗಿತ್ತು. ಕಾರಿಗೆ ಏನೂ ಆಗಲಿಲ್ಲ, ಗೀರು ಕೂಡ ಬೀಳಲಿಲ್ಲ. ಅಕ್ಕನ ನಗು ಅರ್ಧಕ್ಕೆ ನಿಂತಿತು. ಅವಳು ಕೂಗಲಿಲ್ಲ. ಚೀಲದ ಹಿಡಿಯನ್ನು ಹಲ್ಲಿನಲ್ಲಿ ಕಚ್ಚಿಕೊಂಡಳು.

ಸೊಂಟದ ಮೂಳೆ ಮುರಿದಿದೆ ಎಂದರು ಡಾಕ್ಟರಮ್ಮ. ಕೆಮ್ಮಿದ್ದರೂ ಮುರಿಯುತ್ತಿತ್ತು, ಅಷ್ಟು ಟೊಳ್ಳಾಗಿದೆ ಎಂದೂ ಸೇರಿಸಿದರು. ಅದು ಅವನ ಸಮಾಧಾನಕ್ಕೆ ಹೇಳಿದ್ದು ಎಂದು ತಮ್ಮನಿಗೆ ಅರ್ಥವಾಯಿತು. ಆಪರೇಷನ್ ತಡೆದುಕೊಳ್ಳುವ ಶಕ್ತಿ ಅವಳಲ್ಲಿ ಉಳಿದಿರಲಿಲ್ಲ. ನೋವಿನ ಔಷಧಿ ಕೊಟ್ಟು ಮಲಗಿಸಿದರು. ಇನ್ನು ಮನೆಯ ಮಾತು ಎತ್ತಬೇಡಿ ಎಂದರು.

ಮೂರನೆಯ ದಿನ ಮಧ್ಯಾಹ್ನ ಅಕ್ಕನಿಗೆ ಸ್ವಲ್ಪ ಎಚ್ಚರವಿತ್ತು. ಕಾರಿಗೆ ಏನಾದರೂ ಆಯಿತಾ ಎಂದು ಕೇಳಿದಳು. ಇಲ್ಲ ಎಂದ. ಒಳ್ಳೆ ಗಾಡಿ ಕಣೋ ಎಂದಳು. ಸ್ವಲ್ಪ ಹೊತ್ತು ಕಣ್ಣು ಮುಚ್ಚಿ, ಮತ್ತೆ ತೆರೆದಳು.

“ನಿಮ್ಮ ಆಫೀಸಲ್ಲಿ ಈ ವಾರ ಡ್ಯೂಟಿ ಯಾರದು?”

“ಇನ್ನೊಬ್ಬಂದು. ನಾನು ರಜ ಹಾಕಿದೀನಿ.”

“ಅವನು ಹೆಂಗೆ ಓಡಿಸ್ತಾನೆ?”

ತಮ್ಮ ಅವಳ ಹೊದಿಕೆಯನ್ನು ಎಳೆದು ಸರಿಮಾಡಿದ.

“ರಜ ವಾಪಸ್ ತಗೊ,” ಎಂದಳು ಅಕ್ಕ. “ನನ್ನ ನೀನೇ ಕರ್ಕೊಂಡು ಹೋಗು. ಆ ದಿನ ನಿಧಾನಕ್ಕೆ ಹೋಗು, ಏನೂ ಅನ್ನಲ್ಲ.”

“ಹೂಂ ಅಕ್ಕ.”

ಅವಳು ನಿದ್ದೆಹೋದ ಮೇಲೆ ನರ್ಸಮ್ಮ ಬಂದು, ಕತ್ತರಿ ಗಿತ್ತರಿ ಇಲ್ಲಿ ಇಡೋ ಹಾಗಿಲ್ಲ, ಮನೆಗೆ ಒಯ್ಯಿರಿ ಎಂದು ಚೀಲವನ್ನು ಅವನ ಕೈಗಿತ್ತರು. ತಮ್ಮ ಕೆಳಗಿಳಿದು ಬಂದು ಚೀಲವನ್ನು ಪಕ್ಕದ ಸೀಟಿನ ಮೇಲಿಟ್ಟ, ಗುಂಡಿ ಒತ್ತಿದ. ಎಂಜಿನ್ ಗುಡುಗಿತು. ಹಿಂದೆಯೇ ಕಾರು ಟಿಣ್ ಟಿಣ್ ಎನ್ನತೊಡಗಿತು. ತನ್ನ ಬೆಲ್ಟು ಮುಟ್ಟಿ ನೋಡಿಕೊಂಡ; ಹಾಕಿಯೇ ಇತ್ತು. ಸದ್ದು ನಿಲ್ಲಲಿಲ್ಲ. ಪಕ್ಕಕ್ಕೆ ತಿರುಗಿ ಚೀಲವನ್ನು ನೋಡಿದ. ಆಮೇಲೆ ಬಗ್ಗಿ, ಆ ಕಡೆಯ ಬೆಲ್ಟನ್ನು ಎಳೆದು, ಚೀಲದ ಅಡ್ಡಕ್ಕೆ ತಂದು ಸಿಕ್ಕಿಸಿದ.