ಗೋಡೆಯ ಹೊರಗಿನ ಕುಣಿ

ಹಾರೆ ಬಂಡೆಗೆ ಬಡಿದು ಕಿಡಿ ಹಾರಿತು. ದುಂಡಪ್ಪ ಹಾರೆ ಬಿಟ್ಟು ಅಂಗೈ ಝಾಡಿಸಿಕೊಂಡ. ಕುಣಿ ಇನ್ನೂ ಮೊಣಕಾಲುದ್ದ ದಾಟಿರಲಿಲ್ಲ.

"ಇದು ಮಣ್ಣಲ್ಲ ಕಾಶೆವ್ವಾ, ಬರೇ ಕಲ್ಲು."

"ನನ್ನ ಮಗಳನ್ನೂ ಇದ ಕಲ್ಲಾಗ ಇಟ್ಟೇನಿ. ಅಗಿ ನೀ!"

ಹಲಗೆಗಳು ಮೊಳಗುತ್ತಿದ್ದವು. ಮಾದರ ಕೇರಿಗೆ ಕೇರಿಯೇ ಕಲ್ಲುನೆಲದ ಮಡ್ಡಿಯ ಮೇಲೆ ನೆರೆದಿತ್ತು. ನಡುವೆ ಚಟ್ಟದ ಮೇಲೆ, ಗೋಣಿತಟ್ಟು ಸುತ್ತಿಕೊಂಡು, ಶ್ರೀಪಾಲ ಮಲಗಿದ್ದ. ಗೋಕಾಕದ ಜೈನ ಜವಳಿ ಸಾಹುಕಾರನ ಮಗ. ಯೇಸುವಿನ ಹಿಂದೆ ಹೋಗುತ್ತೇನೆಂದು ಈ ಕೇರಿಗೆ ಬಂದವನು. ಮನೆ ಮಾಡಲಿಲ್ಲ, ಗಂಟು ಕಟ್ಟಲಿಲ್ಲ. ಸಾಯುವಾಗಲೂ ಮೈಮೇಲೆ ಇದ್ದದ್ದು ಇದೇ ತಟ್ಟು.

ಪಕ್ಕದಲ್ಲೇ ಎದೆಯೆತ್ತರದ ಕಲ್ಲಿನ ಗೋಡೆ. ಅದರೊಳಗೆ ಬೇವಿನ ನೆರಳು, ಕರಿಮಣ್ಣು. ಒಕ್ಕಲಿಗರ ಮನೆಗಳಿಂದ ಕ್ರೈಸ್ತರಾದವರ ಗೋರಿಗಳು. ಹೊರಗೆ ಈ ಮಡ್ಡಿ, ಕೇರಿಯಿಂದ ಕ್ರೈಸ್ತರಾದವರಿಗೆ. ದೇವರೊಬ್ಬ, ಪ್ರಾರ್ಥನೆ ಒಂದು, ಕುಣಿ ಮಾತ್ರ ಬೇರೆ!

ಚರ್ಚಿನ ಸಭೆಯ ಹಿರಿಯ ಸೋಮಪ್ಪ ಗೋಡೆಯೊಳಗಿಂದ ಕೂಗಿದ: "ಏ ದುಂಡ್ಯಾ, ಸಾಕು ಮಾಡು! ಶ್ರೀಪಾಲಣ್ಣಗ ಒಳಗ, ಶಿಲುಬಿ ಬಾಜೂಕ, ಎದಿಮಟ ಕುಣಿ ತಗಸೇನಿ. ದೊಡ್ಡ ಮನಿತನದಾಂವ ಅಂವ."

"ಮತ್ತ ನಾವ್ರಿ?" ಎಂದಳು ಕಾಶೆವ್ವ.

"ಹೊರಗ ನಿಂತು ನೋಡ್ರಿ. ಯಾರು ಬ್ಯಾಡ ಅಂದಾರ?"

"ನೋಡಿ ನೋಡಿ ಕಣ್ಣು ಸವದಾವು! ನನ್ನ ಮಗಳ ಬಾಜೂಕ ಮಣ್ಣಾಗ್ತೇನಂತ ಮಾತು ಕೊಟ್ಟಾನ ಅಂವ. ಹೆಣಾನೂ ಕಸಗೊಳ್ಳಾಕ ಬಂದೀರೇನು?"

"ಮೊಣಕಾಲುದ್ದ ಕುಣ್ಯಾಗಿಟ್ರ ನರಿ ಎಳೀತಾವ, ಹುಚ್ಚಿ!"

"ನನ್ನ ಕೂಸಿನ ಕುಣಿ ನರಿ ಕೆದರಾಕತ್ತಾಗ ಬಡಿಗಿ ಹಿಡಕೊಂಡು ಕಾದಾಂವ ಅಂವ. ನೀವೆಲ್ಲಿದ್ರಿ? ಬೇವಿನ ನೆಳ್ಳಾಗೇನು?"

ಜನ ಹೋ ಎಂದರು. ಅಷ್ಟರಲ್ಲಿ ಟಾಂಗಾ ಒಂದು ಬಂದು ನಿಂತಿತು. ಅದರಿಂದ ಇಳಿದವನು ಭೂಪಾಲ ಸಾಹುಕಾರ, ಸತ್ತವನ ತಂದೆ.

*

ಶ್ರೀಪಾಲ ಮನೆ ಬಿಟ್ಟದ್ದು ದೊಡ್ಡ ಜ್ವರ ಬಂದ ವರ್ಷ. ಕೇರಿಯ ಹೆಣಗಳಿಗೆ ಹೊದಿಸಲು ಬಟ್ಟೆಯಿರಲಿಲ್ಲ. ಆಗ ಶ್ರೀಪಾಲ ಅಂಗಡಿಯ ಬಿಳಿ ಅರಿವೆಯ ಗಂಟನ್ನೇ ಹೆಗಲಿಗೇರಿಸಿ ಒಯ್ದು ಹರಿದು ಹಂಚಿಬಿಟ್ಟ. ಬರಿಗೈಯಲ್ಲಿ ಮರಳಿದಾಗ ಗೋಕಾಕದ ಪೇಟೆಯೆಲ್ಲ ಅಂಗಡಿಯ ಮುಂದೆ ಕೂಡಿತ್ತು.

"ಮೈಮ್ಯಾಲಿಂದೂ ನಂದ ಐತಿ. ಬಿಚ್ಚಿಡು!" ಭೂಪಾಲ ಗುಡುಗಿದ.

ಮಗ ಬಿಚ್ಚಿದ. ಅಂಗಿ, ಧೋತರ ಮಡಿಸಿ ಗಾದಿಯ ಮೇಲಿಟ್ಟ. ಅರಿವೆ ಸುತ್ತಿ ಬಂದಿದ್ದ ಗೋಣಿತಟ್ಟು ಮೂಲೆಯಲ್ಲಿತ್ತು. ಅದನ್ನು ಸೊಂಟಕ್ಕೆ ಸುತ್ತಿಕೊಂಡ.

ಭೂಪಾಲನ ದನಿ ಒಡೆಯಿತು. "ಎಲ್ಲಾ ಬಿಡಬೇಕಂದ್ರ ನಮ್ಮೊಳಗ ಮುನಿಗಳಿಲ್ಲೇನೋ? ಅವರ ಹಿಂದ ಹೋಗಿದ್ರ ನಾನ ನಿನ್ನ ಕಾಲಿಗೆ ಬೀಳ್ತಿದ್ನಲ್ಲೋ! ಪಾದ್ರಿ ಬೇಕಿತ್ತೇನು?"

"ಅವರ ಹಿಂದ ಹೋದ್ರ ನೀವು ಕಾಲಿಗೆ ಬೀಳ್ತೀರಿ ಅಪ್ಪಾಜಿ. ಕಾಶೆವ್ವನ ಮನ್ಯಾಗ ಉಣ್ಣಾಕ ಬಿಡ್ತೀರೇನು?"

ಎಂದವನೇ ಹೊಳೆಗುಂಟ ಕೇರಿಯ ಹಾದಿ ಹಿಡಿದ.

*

"ಸಾವಕಾರ್ರ, ಪಾದ್ರಿಗೋಳು ಬೆಳಗಾವಿಗೆ ಹೋಗ್ಯಾರ," ಸೋಮಪ್ಪ ಗೋಡೆ ಸುತ್ತಿ ಓಡಿಬಂದು ಕೈಮುಗಿದ. "ತಂದಿ ಮಾತು ಕಡೀ ಮಾತು. ನಿಮ್ಮ ಮಗನ್ನ ಒಳಗ ಇಡೂಣು ಅನ್ರಿ."

"ನಾವು ಸುಡೋ ಮಂದಿ. ಹೂಳೋದರಾಗ ನನಗೇನು ತಿಳಿತೈತಿ?" ಭೂಪಾಲ ಗೋಣಿತಟ್ಟನ್ನೇ ನೋಡುತ್ತಿದ್ದ. ಆಮೇಲೆ ತಲೆಯೆತ್ತಿದ. "ನೀ ಯಾರವ್ವಾ?"

"ಕಾಶೆವ್ವರಿ. ದಿನಾ ಅವಗ ಅಂಬಲಿ ಹಾಕಿದಾಕಿ."

ಮುದುಕ ಸೋಮಪ್ಪನ ಕಡೆ ತಿರುಗಿದ.

"ಹಂಗಾರ ತಾಯಿ ಹೇಳಿದಂಗ ಮಾಡ್ರಿ."

ಹಲಗೆಯ ಸದ್ದು ಒಮ್ಮೆಲೇ ಸಿಡಿಯಿತು. ಶ್ರೀಪಾಲನನ್ನು ಕುಣಿಗಿಳಿಸಿದರು. ಆದರೆ ಎಳೆದ ಮಣ್ಣು ತಟ್ಟನ್ನು ಮುಚ್ಚುವಷ್ಟೂ ಇರಲಿಲ್ಲ.

"ಮ್ಯಾಲ ಕಲ್ಲು ಹೇರಬೇಕು," ದುಂಡಪ್ಪ ಸುತ್ತ ನೋಡಿದ. "ಇಲ್ಲಿ ಬರೇ ಹಾಸುಬಂಡಿ. ಎಲ್ಲಿಂದ ತರೂಣು?"

ಕಾಶೆವ್ವ ಸೆರಗು ಸೊಂಟಕ್ಕೆ ಬಿಗಿದಳು. ನೆಟ್ಟಗೆ ಹೋಗಿ ಗೋಡೆಯ ಮೇಲ್ಗಲ್ಲನ್ನು ಎರಡೂ ಕೈಯಿಂದ ತಬ್ಬಿ ಎಳೆದಳು. ಅದು ದಡ್ಡೆಂದು ಬಿತ್ತು.

"ಏ! ಚರ್ಚಿನ ಗ್ವಾಡಿ ಐತದು!" ಸೋಮಪ್ಪ ಚೀರಿದ.

"ಹೌದ್ರಿ, ಚರ್ಚಿನ ಕಲ್ಲು, ಚರ್ಚಿನಾಂವನ ಮ್ಯಾಲ!"

ಎರಡನೆಯ ಕಲ್ಲು. ಮೂರನೆಯದಕ್ಕೆ ದುಂಡಪ್ಪ ಹಾರೆ ಹಾಕಿದ. ಗಾರೆಯಿಲ್ಲದ ಗೋಡೆ ಗಡಗಡ ಬಾಯಿಬಿಟ್ಟಿತು. ಶ್ರೀಪಾಲನ ಕುಣಿ ಮುಚ್ಚಿತು, ಕೈಗಳು ನಿಲ್ಲಲಿಲ್ಲ. "ನನ್ನ ಮಗನ ಕುಣಿಗೂ ಒಂದು ಕೊಡ್ರವ್ವಾ!" ಎಂದು ಶಿವಗಂಗವ್ವ ಕಲ್ಲನ್ನು ತಲೆಯ ಮೇಲಿಟ್ಟುಕೊಂಡು ಓಡಿದಳು. ಅವಳ ಹಿಂದೆ ಮತ್ತೊಬ್ಬಳು, ಮತ್ತೊಬ್ಬಳು. ಅಳುತ್ತಿದ್ದರೋ ನಗುತ್ತಿದ್ದರೋ, ಧೂಳಿನಲ್ಲಿ ತಿಳಿಯುವಂತಿರಲಿಲ್ಲ.

ಹೊತ್ತು ಇಳಿಯುವಾಗ ಸೋಮಪ್ಪ ಗೌಂಡಿಯನ್ನು ಕರೆದುಕೊಂಡು ಬಂದ. ಗೋಡೆಯಿದ್ದಲ್ಲಿ ಬರೀ ಗೆರೆ ಉಳಿದಿತ್ತು.

"ಕಲ್ಲೆಲ್ಲಿ ಅದಾವ? ಗ್ವಾಡಿ ಕಟ್ಟಬೇಕು!"

ಕಾಶೆವ್ವ ಮಗಳ ಗುಪ್ಪೆಯ ಬಳಿ ಕೂತಿದ್ದಳು. ಏಳಲಿಲ್ಲ.

"ಇಲ್ಲೇ ಅದಾವ್ರಿ. ಯಾರ ಕೂಸಿನ ಮ್ಯಾಲಿಂದು ಮೊದಲ ತಗೀತೀರಿ?"

ಸೋಮಪ್ಪ ಗೌಂಡಿಯ ಮುಖ ನೋಡಿದ. ಗೌಂಡಿ ಬಗ್ಗಿದ. ಒಂದು ಪುಟ್ಟ ಗುಪ್ಪೆಯಿಂದ ಜಾರಿ ಬಿದ್ದಿದ್ದ ಕಲ್ಲನ್ನೆತ್ತಿ, ತಿರುವಿ ಮುರುವಿ ನೋಡಿ, ಅಲುಗದಂತೆ ಅದರಡಿ ಒಂದು ಕಲ್ಲುಚಕ್ಕೆ ಕೊಟ್ಟು, ಮತ್ತೆ ಅಲ್ಲೇ ಕೂರಿಸಿದ.